ಸಣ್ಣ ರಂಧ್ರ, ಸೂಕ್ಷ್ಮ ಕೆಲಸ

ಮಕ್ಕಳೇ, ಮೇಲ್ಭಾಗ ತೆರೆದ ರಟ್ಟಿನ ಪೆಟ್ಟಿಗೆಯ ಒಂದು ಬದಿಗೆ ಸಣ್ಣ ರಂಧ್ರ ಮಾಡಿ. ಅದರಲ್ಲಿ ಉದ್ದನೆಯ ಕಡ್ಡಿ ತೂರಿಸಿ. ಈಗ ಕೈಯನ್ನು ಎಡಕ್ಕೆ ಸರಿಸಿ. ಒಳಗಿನ ತುದಿ ಎತ್ತ ಹೋಯಿತು? ಬಲಕ್ಕೆ! ಇಲ್ಲಿ ಕಡ್ಡಿಯೇ ಸನ್ನೆ, ರಂಧ್ರವೇ ಆನಿಕೆ ಬಿಂದು. ಈ ಸನ್ನೆಗೂ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೂ ಸಂಬಂಧವಿದೆ.

ದೊಡ್ಡ ಕರುಳಿನ ಕೊನೆಯ ಭಾಗವೇ ಗುದನಾಳ. ಅದರ ಉದ್ದ ಸುಮಾರು 12ರಿಂದ 15 ಸೆಂ.ಮೀ. ಸೊಂಟದ ಮೂಳೆಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಅದು ಇರುತ್ತದೆ. ಮೂತ್ರ ವಿಸರ್ಜನೆಯನ್ನು ನಿಯಂತ್ರಿಸುವ ನರಗಳು ಪಕ್ಕದಲ್ಲೇ ಹಾದುಹೋಗುತ್ತವೆ. ಇಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದರೆ ಅದನ್ನಷ್ಟೇ ಕಿತ್ತರೆ ಸಾಲದು. ಸುತ್ತಲಿನ ಕೊಬ್ಬಿನ ಹೊದಿಕೆಯನ್ನೂ ಹರಿಯದಂತೆ ಇಡಿಯಾಗಿ ತೆಗೆಯಬೇಕೆಂದು ಬ್ರಿಟನ್ನಿನ ವೈದ್ಯ ಬಿಲ್ ಹೀಲ್ಡ್ 1982ರಲ್ಲಿ ವಿವರಿಸಿದರು. ಇದರಿಂದ ಕ್ಯಾನ್ಸರ್ ಅದೇ ಜಾಗದಲ್ಲಿ ಮರುಕಳಿಸುವುದು ಬಹಳ ಕಡಿಮೆಯಾಯಿತು.

ಹಿಂದೆ ಇದಕ್ಕಾಗಿ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯಬೇಕಿತ್ತು. 1990ರ ದಶಕದಲ್ಲಿ ಲ್ಯಾಪರೊಸ್ಕೋಪ್ ವಿಧಾನ ಬಂದಿತು. ಹೊಟ್ಟೆಗೆ ಕೆಲವು ಸಣ್ಣ ರಂಧ್ರ ಮಾಡಿ, ಇಂಗಾಲದ ಡೈಆಕ್ಸೈಡ್ ಅನಿಲದಿಂದ ಉಬ್ಬಿಸಿ, ಕ್ಯಾಮೆರಾ ಮತ್ತು ಉದ್ದನೆಯ ಉಪಕರಣಗಳನ್ನು ತೂರಿಸುತ್ತಾರೆ. ಗಾಯ ಚಿಕ್ಕದು, ನೋವು ಕಡಿಮೆ, ಚೇತರಿಕೆ ಬೇಗ. ಆದರೆ ನಿಮ್ಮ ಕಡ್ಡಿಯಂತೆಯೇ ಉಪಕರಣದ ತುದಿ ಕೈಗೆ ವಿರುದ್ಧವಾಗಿ ಚಲಿಸುತ್ತದೆ.

ಇಲ್ಲಿ ರೋಬಾಟ್ ನೆರವಾಗುತ್ತದೆ. ಅದು ತಾನಾಗಿಯೇ ಏನನ್ನೂ ಕೊಯ್ಯುವುದಿಲ್ಲ. ವೈದ್ಯರು ಅದೇ ಕೋಣೆಯಲ್ಲಿ ಕುಳಿತು, ಒಳಗಿನ ಚಿತ್ರವನ್ನು ದೊಡ್ಡದಾಗಿ ನೋಡುತ್ತಾ ಹಿಡಿಕೆಗಳನ್ನು ಆಡಿಸುತ್ತಾರೆ. ಕಂಪ್ಯೂಟರ್ ಎಡ-ಬಲದ ಗೊಂದಲವನ್ನು ನಿವಾರಿಸುತ್ತದೆ, ಕೈನಡುಕವನ್ನು ಸೋಸುತ್ತದೆ. ಉಪಕರಣದ ತುದಿ ನಮ್ಮ ಮಣಿಕಟ್ಟಿನಂತೆ ಬಾಗುತ್ತದೆ.

ಹೊಸ ಯಂತ್ರ ಎಂದ ಮಾತ್ರಕ್ಕೆ ಅದು ಉತ್ತಮವೇ? ಪರೀಕ್ಷಿಸಿಯೇ ತಿಳಿಯಬೇಕು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಲ್ಯಾಪರೊಸ್ಕೋಪ್ ಮತ್ತು ರೋಬಾಟ್ ವಿಧಾನಗಳನ್ನು ಹೋಲಿಸಿದರು. 10 ದೇಶಗಳ 471 ರೋಗಿಗಳ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ನಡುವೆಯೇ ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯಬೇಕಾದ ಪ್ರಸಂಗಗಳಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. 2025ರಲ್ಲಿ ಪ್ರಕಟವಾದ ಚೀನಾದ ಅಧ್ಯಯನದಲ್ಲಿ, 3 ವರ್ಷಗಳೊಳಗೆ ಕ್ಯಾನ್ಸರ್ ಅದೇ ಭಾಗದಲ್ಲಿ ಮರುಕಳಿಸಿದವರು ಲ್ಯಾಪರೊಸ್ಕೋಪ್ ಗುಂಪಿನಲ್ಲಿ ಶೇ. 4, ರೋಬಾಟ್ ಗುಂಪಿನಲ್ಲಿ ಶೇ. 1.6. ಎರಡರಲ್ಲೂ ವೈದ್ಯರ ಅನುಭವವೇ ಮುಖ್ಯ.

ಆದರೆ ರೋಗಿ ಆಸ್ಪತ್ರೆಗೆ ಬಂದರೆ ತಾನೇ ಚಿಕಿತ್ಸೆ? ಮಲದಲ್ಲಿ ರಕ್ತ ಕಂಡರೆ ಹಲವರು ನಾಚಿಕೆಯಿಂದ ಮುಚ್ಚಿಡುತ್ತಾರೆ, ಇಲ್ಲವೇ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸುತ್ತಾರೆ. ಅದು ಕ್ಯಾನ್ಸರ್ ಅಲ್ಲದಿರಬಹುದು. ಆದರೂ ವೈದ್ಯರಿಗೆ ತೋರಿಸಲೇಬೇಕು. ಬೇಗ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಹೆಚ್ಚು. ಈ ಮಾತನ್ನು ಮನೆಯ ಹಿರಿಯರಿಗೂ ತಿಳಿಸಿ.

ಯೋಚಿಸಿ: ಕಡ್ಡಿಯು ರಂಧ್ರದಿಂದ ಹೊರಗೆ 10 ಸೆಂ.ಮೀ., ಒಳಗೆ 20 ಸೆಂ.ಮೀ. ಇದೆ. ಕೈ 1 ಸೆಂ.ಮೀ. ಸರಿದರೆ ತುದಿ ಎಷ್ಟು ಸರಿಯುತ್ತದೆ? ಕೈ ನಡುಗಿದರೆ ಏನಾದೀತು?