ಮುಳುಗಡೆಯ ನೆಲ ಮತ್ತು ತೆರೆಯ ಮೇಲಿನ ಪಾಠ: ಶರಾವತಿ ಹಿನ್ನೀರಿನ ಪ್ರದೇಶದಲ್ಲಿ ಆನ್‌ಲೈನ್ ಕಲಿಕೆಯ ಸಾಂಸ್ಕೃತಿಕ ನೆಲೆಗಳು

ಆನ್‌ಲೈನ್ ಕಲಿಕಾ ವ್ಯವಸ್ಥೆಗಳನ್ನು ವಿದ್ಯಾರ್ಥಿಗಳ ಸಾಂಸ್ಕೃತಿಕ ಹಿನ್ನೆಲೆಗೆ ಹೊಂದಿಸಬೇಕೆಂಬ ಚಿಂತನೆ ಹೊಸದಲ್ಲ. ಆದರೆ ಈ ಚಿಂತನೆಯಲ್ಲಿ ‘ಸಂಸ್ಕೃತಿ’ ಎಂಬ ಪರಿಕಲ್ಪನೆಯನ್ನು ಬಹುಮಟ್ಟಿಗೆ ದೇಶದ ಗಡಿಯಿಂದಲೇ ಅಳೆಯಲಾಗಿದೆ. ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ ಐಬಿಎಂ ಕಂಪನಿಯ ನೌಕರರ ಸಮೀಕ್ಷೆಗಳನ್ನು ಆಧರಿಸಿ 1980ರಲ್ಲಿ ಮಂಡಿಸಿದ ಆಯಾಮಗಳು ಇದಕ್ಕೆ ಮುಖ್ಯ ಆಧಾರವಾಗಿ ಬಳಕೆಯಾಗುತ್ತ ಬಂದಿವೆ. ದೇಶವೊಂದಕ್ಕೆ ಒಂದು ಅಂಕಿಯನ್ನು ಕೊಡುವ ಈ ಕ್ರಮ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಂದು ತರಗತಿಯನ್ನು ಅರಿಯಲೂ ನೆರವಾಗಲಾರದು. ದೀವರು, ಹವ್ಯಕರು, ಒಕ್ಕಲಿಗರು, ಹಸಲರು ಮುಂತಾದ ಸಮುದಾಯಗಳ ಮಕ್ಕಳು ಅಲ್ಲಿ ಒಂದೇ ಹಲಗೆಯ ಮುಂದೆ ಕುಳಿತಿರುತ್ತಾರೆ; ಅವರ ಮನೆಯ ಕನ್ನಡಗಳು ಮಾತ್ರ ಒಂದೇ ಅಲ್ಲ. ಹೊಂದಾಣಿಕೆಯ ಪ್ರಶ್ನೆಯನ್ನು ಈ ಪ್ರದೇಶದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಈ ಪ್ರದೇಶದ ಬದುಕನ್ನು ಎರಡು ಕಾಲಗಳಾಗಿ ಒಡೆಯಿತು. ‘ಮಕ್ಕಿ’ ಎಂದರೆ ಮಳೆಯಾಶ್ರಯದ ಎತ್ತರದ ಗದ್ದೆ. ಅಂಥ ಗದ್ದೆಯ ಹೆಸರನ್ನು ಹೊತ್ತ ಅಣೆಕಟ್ಟೆಯ ಹಿಂದೆ ಗದ್ದೆ, ತೋಟ, ಊರುಗಳು ನೀರಿನಡಿ ಸೇರಿದವು. ನೀರಾವರಿ ಇಲಾಖೆಯ ಕಡತಗಳಲ್ಲಿ ‘ಮುಳುಗಡೆ’ ಒಂದು ಪ್ರದೇಶದ ವಿಸ್ತೀರ್ಣವನ್ನು ಸೂಚಿಸುವ ಪದ. ಜನರ ಮಾತಿನಲ್ಲಿ ಅದು ಒಂದು ಘಟನೆ, ಒಂದು ಕಾಲಮಾನ, ಒಂದು ಗುರುತು. ನಾ. ಡಿಸೋಜ ಅವರು ತಮ್ಮ ಕಾದಂಬರಿಗೆ ಇದೇ ಪದವನ್ನು ಹೆಸರಾಗಿಸಿದ್ದು ಆಕಸ್ಮಿಕವಲ್ಲ.

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಈ ಪ್ರದೇಶ ಎದುರಿಸಿದ ಮೊದಲ ಸಮಸ್ಯೆ ಸಂಪರ್ಕದ್ದು. ನಾಡಿಗೆ ವಿದ್ಯುತ್ತು ಕೊಟ್ಟ ನದಿಯ ದಂಡೆಯ ಮಕ್ಕಳು ಮೊಬೈಲ್ ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾಯಿತು. ಚಂದನ ವಾಹಿನಿಯ ಪಾಠಗಳು, 2017ರಲ್ಲಿ ಆರಂಭವಾಗಿದ್ದ ದೀಕ್ಷಾ ವೇದಿಕೆಯ ಸಾಮಗ್ರಿ, ಪಠ್ಯಪುಸ್ತಕಗಳ ಕ್ಯೂಆರ್ ಸಂಕೇತಗಳು ಇದ್ದವು. ಅವು ಎಲ್ಲ ಮನೆಗಳನ್ನೂ ಮುಟ್ಟಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ವಿದ್ಯಾಗಮ’ ಯೋಜನೆ ಮಕ್ಕಳನ್ನು ಅವರ ಬಳಿಯಿದ್ದ ಸಾಧನಗಳ ಆಧಾರದಲ್ಲಿ ಗುಂಪುಗಳಾಗಿ ವಿಂಗಡಿಸಿ, ಶಿಕ್ಷಕರನ್ನೇ ಮಕ್ಕಳಿದ್ದಲ್ಲಿಗೆ ಕಳುಹಿಸಿತು. ಅಕ್ಟೋಬರ್‌ನಲ್ಲಿ ಅದು ಸ್ಥಗಿತಗೊಂಡರೂ ಅದರ ತಾತ್ವಿಕ ಮಹತ್ವ ಉಳಿಯುತ್ತದೆ: ಪಾಠವು ಮಗುವಿನ ಪರಿಸರಕ್ಕೆ ಹೋಗಬೇಕೆಂಬುದನ್ನು ಅದು ಒಪ್ಪಿಕೊಂಡಿತ್ತು.

2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ ಉದ್ಘಾಟನೆಗೊಂಡು, ದಶಕಗಳ ಕಾಲ ಲಾಂಚನ್ನೇ ನೆಚ್ಚಿದ್ದ ದ್ವೀಪಸದೃಶ ಹಳ್ಳಿಗಳಿಗೆ ರಸ್ತೆ ದೊರೆಯಿತು. ಸಿಗ್ನಲ್ಲೂ ಹೀಗೆಯೇ ಒಂದು ದಿನ ಎಲ್ಲ ಮನೆಗಳಿಗೆ ಬಂದೀತು. ಸಂಪರ್ಕ ಬಂದ ಮೇಲೆ ತೆರೆಯ ಮೇಲಿನ ಪಾಠ ಆ ಮಗುವನ್ನು ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ಆಗ ನಿಜವಾಗಿ ಆರಂಭವಾಗುತ್ತದೆ.

ಈ ಪ್ರಶ್ನೆಯ ತಿರುಳಿರುವುದು ಮೌಲ್ಯಮಾಪನದಲ್ಲಿ. ಆನ್‌ಲೈನ್ ವ್ಯವಸ್ಥೆಗಳಲ್ಲಿ ಬಹುಪಾಲು ಪರೀಕ್ಷೆ ಮೊದಲೇ ತುಂಬಿಟ್ಟ ಉತ್ತರದೊಡನೆ ಮಗುವಿನ ಉತ್ತರವನ್ನು ಹೋಲಿಸುವ ಕ್ರಿಯೆ. ಅಣೆಕಟ್ಟಿನ ಪರಿಣಾಮವೇನೆಂದು ಕೇಳಿ ವಿದ್ಯುತ್, ನೀರಾವರಿ, ಪ್ರವಾಸೋದ್ಯಮ ಎಂಬ ಆಯ್ಕೆಗಳನ್ನಷ್ಟೇ ಕೊಟ್ಟರೆ, ಅಜ್ಜನ ಮನೆ ನೀರಿನಡಿ ಇರುವ ಮಗುವಿಗೆ ಗುರುತು ಹಾಕಲು ಜಾಗವೇ ಇರುವುದಿಲ್ಲ. ‘ಮುಳುಗಡೆ’ ಎಂದು ಬರೆದರೆ ಯಂತ್ರ ಅದನ್ನು ತಪ್ಪೆನ್ನುತ್ತದೆ. ನೆಲದ ವಿಂಗಡಣೆಯಲ್ಲೂ ಇದೇ ಕಥೆ. ಕಾನು, ಸೊಪ್ಪಿನಬೆಟ್ಟ, ಬ್ಯಾಣ, ಹಕ್ಕಲು ಎಂದು ಬಳಕೆಯಿಂದ ನೆಲವನ್ನು ಬಲ್ಲ ಮಗುವಿಗೆ ‘ಅರಣ್ಯ’ ಮತ್ತು ‘ಪಾಳುಭೂಮಿ’ ಎಂಬ ಎರಡೇ ಆಯ್ಕೆಗಳಿದ್ದರೆ, ಹೆಚ್ಚು ತಿಳಿದ ಮಗುವೇ ಹೆಚ್ಚು ಗೊಂದಲಕ್ಕೆ ಬೀಳುತ್ತದೆ. ದನ ಮೇಯುವ ಬ್ಯಾಣ ಪಾಳು ಹೇಗಾದೀತು?

ವ್ಯಾಕರಣದ ಉದಾಹರಣೆ ಇನ್ನೂ ಸೂಕ್ಷ್ಮವಾದುದು. ಹವ್ಯಕ ಕನ್ನಡದಲ್ಲಿ ಸ್ತ್ರೀಯರನ್ನು ಕುರಿತು ನಪುಂಸಕಲಿಂಗದ ರೂಪಗಳು ಬಳಕೆಯಾಗುತ್ತವೆ. ‘ಅಕ್ಕ ಬಂತು’ ಎಂಬ ಬಗೆಯ ಮಾತಿನಲ್ಲಿ ಅಗೌರವ ಲವಲೇಶವೂ ಇಲ್ಲ. ಶಿಷ್ಟ ಬರಹದಲ್ಲಿ ‘ಅಕ್ಕ ಬಂದಳು’ ಎಂದಾಗಬೇಕೆಂಬುದು ಸರಿ, ಅದನ್ನು ಕಲಿಸಬೇಕಾದುದೂ ಸರಿ. ಅನುಭವಿ ಶಿಕ್ಷಕರು ‘ಮನೆಯಲ್ಲಿ ಹಾಗೆ, ಬರಹದಲ್ಲಿ ಹೀಗೆ’ ಎಂದು ಒಂದೇ ವಾಕ್ಯದಲ್ಲಿ ಎರಡಕ್ಕೂ ಸ್ಥಾನ ಕೊಡುತ್ತಾರೆ. ತೆರೆಯ ಮೇಲೆ ಮೂಡುವ ಕೆಂಪು ಗುರುತಿಗೆ ಈ ವಿವೇಚನೆ ಇಲ್ಲ. ತಿಳಿಯದೆ ಮಾಡಿದ ತಪ್ಪನ್ನೂ ಇನ್ನೊಂದು ಕನ್ನಡದ ನಿಯಮವನ್ನೂ ಅದು ಒಂದೇ ಬಣ್ಣದಲ್ಲಿ ತೋರಿಸುತ್ತದೆ. ತಾಯಿಯ ಮಾತೇ ದೋಷವೆಂದು ಮಗು ನಂಬತೊಡಗುವುದು ಇಲ್ಲಿಂದ.

ಇದಕ್ಕೆ ಪರಿಹಾರವಾಗಿ ಸಾಮಾನ್ಯವಾಗಿ ಸೂಚಿಸಲಾಗುವ ‘ಸ್ಥಳೀಯ ಸ್ಪರ್ಶ’ ಬಹುತೇಕ ಅಲಂಕಾರದಲ್ಲೇ ಮುಗಿಯುತ್ತದೆ. ದೀವರ ಮನೆಗಳ ಹಸೆ ಚಿತ್ತಾರ ಇದಕ್ಕೆ ಸುಲಭವಾಗಿ ಬಲಿಯಾಗುವ ಕಲೆ. ಪುಟದ ಅಂಚಿಗೆ ಚಿತ್ತಾರದ ಪಟ್ಟಿ ಅಂಟಿಸಿದೊಡನೆ ಪಾಠ ಮಲೆನಾಡಿನದಾಗುವುದಿಲ್ಲ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಎಳೆಯುವ ಆ ಗೆರೆಗಳಲ್ಲಿ ಸಮಾಂತರತೆ, ಸಮಮಿತಿ, ಪುನರಾವರ್ತನೆಗಳ ಖಚಿತ ಜ್ಞಾನವಿದೆ. ಅದಕ್ಕಿಂತ ಮುಖ್ಯವಾದುದು ಅದನ್ನು ಕಲಿಯುವ ರೀತಿ: ಹಿರಿಯ ಹೆಂಗಸಿನ ಪಕ್ಕದಲ್ಲಿ ನಿಂತು ನೋಡುವುದು, ಬಣ್ಣ ಕಲಸಿಕೊಡುವುದು, ಮೊದಲು ಅಂಚಿನ ಚಿಕ್ಕ ಗೆರೆಗೆ ಕೈಹಾಕುವುದು. ಬಹುಕಾಲ ನೋಡಿ ಆಮೇಲೆ ಮಾಡುವ ಈ ಕ್ರಮಕ್ಕೂ, ಹತ್ತು ನಿಮಿಷದ ವಿಡಿಯೋ ಮುಗಿಯುತ್ತಲೇ ಐದು ಪ್ರಶ್ನೆ ಕೇಳುವ ವ್ಯವಸ್ಥೆಗೂ ನಡುವಿನ ಅಂತರವೇ ನಿಜವಾದ ಸಾಂಸ್ಕೃತಿಕ ಅಂತರ.

ಹೊರಗಿನ ಸಾಮಗ್ರಿಯೆಲ್ಲ ತ್ಯಾಜ್ಯವೆಂಬುದು ಇದರ ಅರ್ಥವಲ್ಲ. ಇದೇ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ಹಳ್ಳಿಯ ಪ್ರೇಕ್ಷಕರಿಗೆ ಮುಟ್ಟಿಸಿತು. ಅಲ್ಲಿ ಚಿತ್ರಗಳನ್ನು ಬದಲಿಸಲಿಲ್ಲ. ಚಿತ್ರಕ್ಕೂ ಪ್ರೇಕ್ಷಕರಿಗೂ ನಡುವೆ ಕನ್ನಡದ ವಿವರಣೆಯನ್ನೂ ಚರ್ಚೆಯನ್ನೂ ಇಟ್ಟರು. ಆನ್‌ಲೈನ್ ಪಾಠಕ್ಕೂ ಬೇಕಾದುದು ಇಂಥ ಮಧ್ಯಸ್ಥಿಕೆ.

ಈ ಕೆಲಸದ ಒಂದು ಪಾಲು ಕನ್ನಡ ವಿಭಾಗಗಳದ್ದೇ. ಉಪಭಾಷೆಗಳ ಕುರಿತು ವಿಶ್ವವಿದ್ಯಾಲಯಗಳಲ್ಲಿ ಸಂಗ್ರಹವಾದ ಸಾಮಗ್ರಿ ಪಿಎಚ್.ಡಿ. ಪ್ರಬಂಧಗಳಲ್ಲಿ ಧೂಳು ತಿನ್ನುತ್ತಿರುವಾಗ, ಉತ್ತರಕೋಶಗಳನ್ನು ಸಿದ್ಧಪಡಿಸುವವರ ಮೇಜಿನ ಮೇಲೆ ಅದರ ಒಂದು ಹಾಳೆಯೂ ಇಲ್ಲದಿರುವುದು ವಿಷಾದಕರ. ಪ್ರದೇಶವಾರು ಪದಪಟ್ಟಿಗಳನ್ನು ಉತ್ತರಕೋಶಕ್ಕೆ ಸೇರಿಸುವುದು, ‘ತಪ್ಪು’ ಎಂಬ ಸೂಚನೆಯ ಜೊತೆಗೆ ‘ಮನೆಮಾತಿನ ರೂಪ’ ಎಂಬ ಮತ್ತೊಂದು ಸೂಚನೆಯನ್ನು ಇರಿಸುವುದು, ಬರೆಯುವ ಬದಲು ಹೇಳಿ ದಾಖಲಿಸಲು ಅವಕಾಶ ನೀಡುವುದು ತಾಂತ್ರಿಕವಾಗಿ ಕಷ್ಟವಲ್ಲ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ, ಮನೆಮಂದಿಯೆಲ್ಲ ರಾತ್ರಿ ಸುಲಿಯಲು ಕೂರುವಾಗ, ಸಂಜೆಯ ನೇರ ತರಗತಿಗೆ ಬದಲು ಇಳಿಸಿಕೊಂಡು ಅನುಕೂಲವಾದಾಗ ನೋಡುವ ಪಾಠ ಸಾಕು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಮಳೆಗಾಲದಲ್ಲಿ ನೀರಿನ ಮಟ್ಟ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಆ ಅಂಕಿಗಳಿಂದ ರೇಖಾಚಿತ್ರ ಬರೆಯಲು ಕಲಿಸುವ ಗಣಿತದ ಪಾಠ, ಯಾವ ಅಡಿಗೆ ಯಾರ ಗದ್ದೆ ಮುಳುಗಿತ್ತೆಂದು ಮನೆಯ ಹಿರಿಯರನ್ನು ಕೇಳಿ ಬರೆಯುವಂತೆ ಅದೇ ಪುಟದಲ್ಲಿ ಸೂಚಿಸಬಹುದು.