ಇಂಗ್ಲಿಷ್ ಆದೇಶಗಳಲ್ಲಿ ಸಂಬಂಧಾರ್ಥಕಾವ್ಯಯಗಳು: ಸದಸ್ಯರ ಅಭ್ಯಾಸಕ್ಕಾಗಿ

ಗ್ರಾಮ ಪಂಚಾಯಿತಿಯ ನಡವಳಿ, ಠರಾವು, ನೋಟಿಸುಗಳು ಕನ್ನಡದಲ್ಲಿರುತ್ತವೆ. ಆದರೆ ಕೇಂದ್ರದ ಮಾರ್ಗಸೂಚಿಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಬರುತ್ತವೆ. ಅವುಗಳಲ್ಲಿನ ದೊಡ್ಡ ಪದಗಳಿಗೆ ಮಾನ್ಯ ಸದಸ್ಯರು ಅಂಜಬೇಕಾಗಿಲ್ಲ. ಅವುಗಳ ಅರ್ಥ ನಿಘಂಟಿನಲ್ಲಿ ದೊರೆಯುತ್ತದೆ. ತೊಡಕಿರುವುದು ಆ್ಯಂಡ್, ಆರ್, ಇಫ್, ಅನ್‌ಲೆಸ್ ಎಂಬ ಸಣ್ಣ ಪದಗಳಲ್ಲಿ. ಪದಗಳನ್ನೂ ವಾಕ್ಯಗಳನ್ನೂ ಜೋಡಿಸುವ ಇಂತಹವುಗಳನ್ನು ಕನ್ನಡ ವ್ಯಾಕರಣವು ಸಂಬಂಧಾರ್ಥಕಾವ್ಯಯಗಳೆನ್ನುತ್ತದೆ.

ಕನ್ನಡದಲ್ಲಿ ಷರತ್ತು ಮೊದಲು, ಫಲ ನಂತರ: 'ಮಳೆ ಬಂದರೆ ಕಾಮಗಾರಿ ನಿಲ್ಲುತ್ತದೆ.' ಇಂಗ್ಲಿಷಿನಲ್ಲಿ ಫಲವು ಮೊದಲು ಬಂದು, ಇಫ್ ಎಂಬುದು ವಾಕ್ಯದ ಕೊನೆಯಲ್ಲಿ ಅಡಗಿರಬಹುದು. ಆದುದರಿಂದ ಪೂರ್ಣವಿರಾಮದವರೆಗೆ ಓದದೆ 'ಅನುಮತಿ ಇದೆ' ಎಂದು ಸಭೆಯಲ್ಲಿ ಹೇಳುವುದು ಅಪಾಯಕರ.

ಹದಿನೈದನೆಯ ಹಣಕಾಸು ಆಯೋಗದ 2021-22ರಿಂದ 2025-26ರವರೆಗಿನ ಅನುದಾನವು ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಶೇಕಡ 60ರಷ್ಟು ನಿರ್ಬಂಧಿತ ಅನುದಾನ. ನೈರ್ಮಲ್ಯ ಒಂದು ಬಾಬು. ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ನೀರಿನ ಮರುಬಳಕೆ ಇನ್ನೊಂದು. ಎರಡನ್ನೂ ಜೋಡಿಸಿರುವುದು ಆ್ಯಂಡ್. ಅಂದರೆ ಎರಡಕ್ಕೂ ಅರ್ಧರ್ಧ. ಅದನ್ನು ಆರ್ ಎಂದು ಭಾವಿಸಿ ಪೂರ್ಣ ಮೊತ್ತವನ್ನು ಕೊಳವೆಬಾವಿಗಳಿಗೆ ಹಂಚುವಂತಿಲ್ಲ. ಮುಂದೆ ಹೌಎವರ್ ಮತ್ತು ಇಫ್ ಕೂಡಿ ಒಂದು ಬಾಗಿಲನ್ನು ತೆರೆಯುತ್ತವೆ: ಒಂದು ಬಾಬಿನ ಅಗತ್ಯಗಳು ಸಂಪೂರ್ಣವಾಗಿ ಪೂರೈಸಿದ್ದರೆ ಆ ಹಣವನ್ನು ಇನ್ನೊಂದಕ್ಕೆ ಬಳಸಬಹುದು. ಅದನ್ನು ಗ್ರಾಮ ಸಭೆಯು ದೃಢೀಕರಿಸಬೇಕು, ಆ್ಯಂಡ್ ಮೇಲ್ವಿಚಾರಣಾ ಪ್ರಾಧಿಕಾರ ಅಥವಾ ರಾಜ್ಯ ಸರ್ಕಾರವು ಸ್ಥಿರೀಕರಿಸಬೇಕು. ಈ ಆ್ಯಂಡ್‌ನ ಎರಡನೆಯ ಭಾಗವನ್ನು ಮರೆತರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಖಚಿತ.

ಉಳಿದ ಶೇಕಡ 40ರ ಮೂಲ ಅನುದಾನವನ್ನು ವೇತನ 'ಆರ್' ಇತರ ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿಲ್ಲ. ಇಲ್ಲಿ ಆರ್ ಎಂದರೆ ಎರಡರಲ್ಲೊಂದು ನಿಷಿದ್ಧ ಎಂದಲ್ಲ. ನಿಷೇಧದೊಡನೆ ಬಂದ ಆರ್ ಎರಡನ್ನೂ ತಳ್ಳಿಹಾಕುತ್ತದೆ. ಕನ್ನಡದ 'ವೇತನಕ್ಕಾಗಲಿ, ಸಿಬ್ಬಂದಿ ವೆಚ್ಚಕ್ಕಾಗಲಿ ಬಳಸಕೂಡದು' ಎಂಬುದು ಇದಕ್ಕಿಂತ ಸ್ಪಷ್ಟವಾಗಿದೆಯೆಂದು ಒಪ್ಪಬೇಕು.

ಅನ್‌ಲೆಸ್ ಎಂಬುದು ಇನ್ನೂ ಸೂಕ್ಷ್ಮ. ಸಂವಿಧಾನದ 243ಇ ಅನುಚ್ಛೇದದಂತೆ ಪಂಚಾಯಿತಿಯು, 'ಅನ್‌ಲೆಸ್ ಸೂನರ್ ಡಿಸಾಲ್ವ್ಡ್', ಅಂದರೆ ಅದಕ್ಕೆ ಮುನ್ನವೇ ವಿಸರ್ಜನೆಯಾಗದ ಹೊರತು, ಮೊದಲ ಸಭೆಗೆ ಗೊತ್ತುಪಡಿಸಿದ ದಿನಾಂಕದಿಂದ ಐದು ವರ್ಷ ಮುಂದುವರಿಯುತ್ತದೆ. ಅವಧಿಯನ್ನು ಎಣಿಸಬೇಕಾದುದು ಚುನಾವಣಾ ಫಲಿತಾಂಶದ ದಿನದಿಂದಲ್ಲ. 'ಆ್ಯಂಡ್ ನೋ ಲಾಂಗರ್' ಎಂಬ ಮುಂದಿನ ಮೂರು ಪದಗಳು ಐದು ವರ್ಷ ಮೀರಿ ಒಂದು ದಿನವನ್ನೂ ಕೊಡುವುದಿಲ್ಲ.

ಕನ್ನಡದಲ್ಲಿ 'ಆಗದ ಹೊರತು' ಎನ್ನುವಾಗ ನಿಷೇಧವು ಕ್ರಿಯಾಪದದಲ್ಲಿದೆ. ಇಂಗ್ಲಿಷಿನಲ್ಲಿ ಅದು ಅನ್‌ಲೆಸ್‌ನ ಒಳಗೇ ಸೇರಿಕೊಂಡಿದೆ. ಈ ಭೇದವನ್ನು ಗಮನಿಸದೆ ಗುತ್ತಿಗೆದಾರರಿಗೆ 'ಅನ್‌ಲೆಸ್ ದ ವರ್ಕ್ ಈಸ್ ನಾಟ್ ಕಂಪ್ಲೀಟೆಡ್, ಪೇಮೆಂಟ್ ಶಲ್ ನಾಟ್ ಬಿ ಮೇಡ್' ಎಂದು ಬರೆದರೆ, ಕೆಲಸ ಮುಗಿಸಿದವನಿಗೆ ಹಣವಿಲ್ಲ ಎಂದಾಗುತ್ತದೆ. ಮೊದಲ ನಾಟ್ ಅನ್ನು ತೆಗೆದುಹಾಕಿದರೆ ವಾಕ್ಯ ಸರಿಹೋಗುತ್ತದೆ. ಅನ್‌ಟಿಲ್ ಪದಕ್ಕೂ ಇದೇ ನಿಯಮ: 'ಮುಗಿಯುವ ತನಕ' ಎಂದು ಮನಸ್ಸಿನಲ್ಲಿ ಹೇಳಿಕೊಂಡು ಬರೆದರೆ ಹೆಚ್ಚುವರಿ ನಾಟ್ ನುಸುಳುವುದಿಲ್ಲ.

ಮೇಲಧಿಕಾರಿಗಳಿಗೆ ಬರೆಯುವ ಪತ್ರಗಳಲ್ಲಿ ಆಲ್ದೋ ಎಂದು ಆರಂಭಿಸಿ ನಡುವೆ ಬಟ್ ಸೇರಿಸುವ ರೂಢಿಯೂ ಇದೆ. ಒಂದು ಸಾಕು. 'ಆಲ್ದೋ ದ ಟ್ಯಾಂಕ್ ಈಸ್ ಬಿಲ್ಟ್, ದೇರ್ ಈಸ್ ನೋ ಪೈಪ್‌ಲೈನ್' ಎಂದರೆ ಟ್ಯಾಂಕ್ ಕಟ್ಟಿದರೂ ಪೈಪ್‌ಲೈನ್ ಬಂದಿಲ್ಲವೆಂಬ ದೂರು ಪೂರ್ತಿಯಾಗಿ ತಲುಪುತ್ತದೆ.