ಬೋರ್ಡನ್ನು ಪೂರ್ತಿ ಓದೋಣ

ನಾವಿಬ್ಬರು ಮಕ್ಕಳು ಅಪ್ಪನ ಜೊತೆ ತುಮಕೂರಿನಿಂದ ಟೆಂಪೋದಲ್ಲಿ ಹೊರಟೆವು. ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಅಕ್ಕನ ಮನೆ. ಅಂದು ಅವಳ ಮಗುವಿನ ನಾಮಕರಣ.

ಅಪ್ಪ ಆಗತಾನೇ ಓದಲು ಕಲಿತಿದ್ದರು. ಯಶವಂತಪುರದ ಬಳಿ ಒಂದು ಬೋರ್ಡು ಕಂಡಿತು. "ಸಿ.ವಿ. ರಾಮನ್! ಬಂದೇಬಿಡ್ತು ಕಣ್ರೋ" ಅಂದರು. ಬೀದಿ ಬೀದಿ ಸುತ್ತಿದೆವು. ಮನೆ ಸಿಗಲಿಲ್ಲ.

ಟೀ ಅಂಗಡಿಯವರನ್ನು ಕೇಳಿದೆವು. "ಇದು ರಾಮನ್ ರಸ್ತೆ, ಯಜಮಾನ್ರೇ. ರಾಮನ್ ನಗರ ಪೂರ್ವಕ್ಕೆ, ಬೈಯಪ್ಪನಹಳ್ಳಿ ಹತ್ತಿರ ಐತೆ" ಅಂದರು.

ಅಪ್ಪನ ಮುಖ ಸಪ್ಪಗಾಯಿತು. "ನನಗೆಲ್ಲಿ ಓದು ಬರ್ತದೆ, ಬಿಡ್ರಪ್ಪ" ಅಂದರು.

"ನೀವು ಓದಿದ್ದು ಸರಿ ಅಪ್ಪಾ. ಕೊನೆಯ ಪದ ಬಿಟ್ರಿ, ಅಷ್ಟೇ" ಅಂದೆವು.

ಮುಂದೆ ದಾರಿಯುದ್ದಕ್ಕೂ ಅಪ್ಪ ಬೋರ್ಡುಗಳನ್ನು ಪೂರ್ತಿ ಓದಿದರು. ಹೆಸರಿಡುವ ಹೊತ್ತಿಗೆ ಮನೆ ಸೇರಿದೆವು.

ಎರಡು ಕಡೆಗೂ ಒಬ್ಬರದೇ ಹೆಸರು. ಸರ್ ಸಿ.ವಿ. ರಾಮನ್ ದೊಡ್ಡ ವಿಜ್ಞಾನಿ. ಬೆಳಕಿನ ಬಗ್ಗೆ ಸಂಶೋಧನೆ ಮಾಡಿದರು. 1930ರಲ್ಲಿ ನೊಬೆಲ್ ಬಹುಮಾನ ಪಡೆದರು. 1970ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ನೆನಪಿಡೋಣ: ಹೊರಡುವ ಮೊದಲು ಪೂರ್ತಿ ವಿಳಾಸ ಬರೆದುಕೊಳ್ಳೋಣ. ಗೊತ್ತಾಗದಿದ್ದರೆ ಕೇಳೋಣ. ಕೇಳಲು ನಾಚಿಕೆ ಬೇಡ.

ಓದಿ, ಬರೆಯಿರಿ: ನಗರ, ರಸ್ತೆ, ಬೀದಿ, ವಿಳಾಸ.

ನಿಮ್ಮ ಮನೆಯ ಪೂರ್ತಿ ವಿಳಾಸ ಬರೆಯಿರಿ.